ಸಮಾಧಿ ತೋಟದ ಪುಂಡಿಪಲ್ಲೆ

ನನ್ನ ಕೆಲಸದ ಜಾಗದಲ್ಲಿ ಮಲಗಿದ್ದವರು ಯಾರೂ ನನ್ನ ಮೇಲೆ ಒಂದು ದೂರು ಹೇಳಲಿಲ್ಲ. ದೂರೆಲ್ಲ ನಿಂತವರದ್ದೇ. ಸಿಕಂದರಾಬಾದಿನಲ್ಲಿ ರೈಲು ಹಳಿಯ ಬದಿಗೆ ಇರುವ ಒಂದು ಕ್ರೈಸ್ತ ಸಮಾಧಿ ತೋಟದಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ನಾಲ್ಕೈದು ಚರ್ಚುಗಳ ಸಭೆಗಳು ಸೇರಿ ಒಂದು ಕಮಿಟಿ ಮಾಡಿಕೊಂಡು ಅದನ್ನು ನಡೆಸುತ್ತವೆ. ತೆಲುಗಿನವರು, ತಮಿಳಿನವರು, ನಮ್ಮ ಕನ್ನಡದವರು, ಇಂಗ್ಲಿಷ್ ಸಭೆಯವರು ಎಲ್ಲರೂ ಬದುಕಿರುವಾಗ ಬೇರೆ ಬೇರೆ ಹೊತ್ತಿಗೆ ಆರಾಧನೆ ಮಾಡುತ್ತಾರೆ. ಕೊನೆಗೆ ಒಂದೇ ಗೇಟಿನಲ್ಲಿ ಒಳಗೆ ಬರುತ್ತಾರೆ.

ನಿವೃತ್ತಿಯಾಗಿ ಒಂದು ವರ್ಷವಾಯಿತು. ನನ್ನ ಜಾಗಕ್ಕೆ ಎಳೆಯ ವಯಸ್ಸಿನವರಿಬ್ಬರು ಬಂದಿದ್ದಾರೆ. ಅವರಿಗೆ ಎರಡು ಬುದ್ಧಿಮಾತು ಹೇಳಿ ಅಂತ ಕಮಿಟಿಯವರು ಕರೆದರು. ನಿಂತು ಮಾತಾಡುವುದು ನನಗೆ ಒಗ್ಗದು, ಬರೆದುಕೊಡುತ್ತೇನೆ ಅಂದೆ. ಬುದ್ಧಿಮಾತು ಎಷ್ಟಿದೆಯೋ ಗೊತ್ತಿಲ್ಲ. ಆ ಕೆಲಸ ನಿಜವಾಗಿ ಹೇಗಿರುತ್ತದೆ ಅನ್ನುವುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಬಲ್ಲೆ.

ನಾನು ಗದಗಿನ ಕಡೆಯವನು. ನಮ್ಮಪ್ಪ ಒಂದು ಆಸ್ಪತ್ರೆಯಲ್ಲಿ ಮಾಲಿ. ಕೆಲಸ ಹುಡುಕಿಕೊಂಡು ಹೈದರಾಬಾದಿನಲ್ಲಿದ್ದ ಸೋದರಮಾವನ ಮನೆಗೆ ಬಂದೆ. ಅಲ್ಲಿನ ಕನ್ನಡ ಸಭೆಯ ಸಭಾಪಾಲಕರು, ಅಂದರೆ ಪಾದ್ರಿಗಳು, ನನ್ನನ್ನು ಕಮಿಟಿಯ ಕಾರ್ಯದರ್ಶಿಗಳ ಹತ್ತಿರ ಕರೆದುಕೊಂಡು ಹೋದರು. ಆ ಕಾರ್ಯದರ್ಶಿಗಳು ಸೈನ್ಯದಿಂದ ನಿವೃತ್ತರಾದವರು, ಮೂಲ ಕರಾವಳಿಯವರು. ಎಲ್ಲರೂ ಅವರನ್ನು ಮೇಜರ್ ಸಾಹೇಬರು ಅಂತಲೇ ಕರೆಯುತ್ತಿದ್ದರು. ಸತ್ತವರಿಗೆ ಹೆದರುತ್ತೀಯಾ ಅಂತ ಕೇಳಿದರು. ಇಲ್ಲ ಸಾರ್, ಬದುಕಿರುವವರಿಗೇ ಹೆಚ್ಚು ಹೆದರುತ್ತೇನೆ ಅಂದೆ. ಅವರು ನಕ್ಕು ನಾಳೆಯಿಂದ ಬಾ ಅಂದರು. ನಿಜ ಹೇಳಬೇಕೆಂದರೆ ಮೊದಲ ವಾರವೆಲ್ಲ ನಾನು ಗಟ್ಟಿಯಾಗಿ ಕೀರ್ತನೆ ಹಾಡಿಕೊಂಡೇ ಅಲ್ಲಿ ತಿರುಗಾಡಿದ್ದು. ಜನ ಅದನ್ನು ಭಕ್ತಿ ಅಂತ ತಿಳಿದರು.

ಬಾಡಿಗೆ ಮನೆ ಮಾಡಿ ಊರಿಂದ ಅವ್ವನನ್ನು ಕರೆಸಿಕೊಂಡೆ. ಆ ಮನೆಯಲ್ಲಿ ಅವಳ ಕಾನೂನು ಬೇರೆ ಇತ್ತು. ಕೆಲಸದಿಂದ ಬಂದವನು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಅವ್ವಾ, ನಾವು ಕ್ರೈಸ್ತರು, ನಮಗೆ ಮೈಲಿಗೆ ಇಲ್ಲ ಅಂದರೆ, ಮೈಲಿಗೆ ಇಲ್ಲ, ಧೂಳಂತೂ ಐತಲ್ಲ ಅನ್ನುತ್ತಿದ್ದಳು. ಸಭಾಪಾಲಕರ ಬಾಯಿಂದ ಹೇಳಿಸಿದರೂ ಒಪ್ಪಲಿಲ್ಲ. ಚಳಿಗಾಲದಲ್ಲೂ ತಣ್ಣೀರು ಸುರಿದುಕೊಂಡು ನಡುಗುತ್ತಾ ಸಂಜೆಯ ಪ್ರಾರ್ಥನೆಗೆ ಕೂರುತ್ತಿದ್ದೆ.

ಆಮೇಲೆ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಅವರು ಶಾಲೆಯಲ್ಲಿ ಗೆಳತಿಯರಿಗೆ ನಮ್ಮಪ್ಪ ತೋಟಗಾರ ಅಂತ ಹೇಳುತ್ತಿದ್ದರು. ಅದು ಗೊತ್ತಾದ ದಿನ ನನಗೆ ಬೇಸರವಾಯಿತು. ನನ್ನ ಹೆಂಡತಿ ಕಮಲಾ ಶಾಲೆಯ ಟೀಚರು, ಮಾತು ತಿರುಗಿಸುವುದರಲ್ಲಿ ಜಾಣೆ. ಪುನರುತ್ಥಾನದ ಬೆಳಗ್ಗೆ ಯೇಸುವನ್ನು ಹುಡುಕಿಕೊಂಡು ಹೋದ ಹೆಂಗಸು ಎದುರಿಗೆ ನಿಂತವನನ್ನು ಯಾರು ಅಂತ ತಿಳಿದಳು ಹೇಳಿ ಅಂದಳು. ಸಮಾಧಿ ತೋಟದ ತೋಟಗಾರ ಅಂತಲ್ಲವೇ ಅವಳು ತಿಳಿದದ್ದು. ಕರ್ತನಿಗೆ ಬೇಸರವಾಗದ ಹೆಸರು ನಿಮಗೇನು ಕಡಿಮೆಯಾಯಿತು ಅಂದಳು. ಅಂದಿನಿಂದ ಯಾರು ಕೇಳಿದರೂ ನಾನೂ ತೋಟಗಾರ ಅಂತಲೇ ಹೇಳತೊಡಗಿದೆ.

ಕೆಲಸ ಕಲಿಸಿದವನು ಮಲ್ಲಯ್ಯ. ಗುಂಡಿ ಅಗೆಯುವ ಹಳೆಯ ಕೆಲಸಗಾರ, ತೆಲುಗು ಬಿಟ್ಟು ಬೇರೆ ಮಾತು ಆಡುತ್ತಿರಲಿಲ್ಲ. ಹೈದರಾಬಾದಿನ ನೆಲ ನಿಮಗೆ ಗೊತ್ತಲ್ಲ, ಒಂದಾಳು ಮಣ್ಣು ಸಿಗುವಷ್ಟರಲ್ಲಿ ಬಂಡೆ ಎದುರಾಗುತ್ತದೆ. ಹಾಗಾಗಿ ಇರುವ ಮಣ್ಣು ಚಿನ್ನ. ಮೇಲಿನ ಕಪ್ಪು ಮಣ್ಣನ್ನು ಎಡಕ್ಕೆ, ಕೆಳಗಿನ ಕೆಂಪು ಮೊರಂ ಮಣ್ಣನ್ನು ಬಲಕ್ಕೆ ಹಾಕಬೇಕು ಅಂತ ಮೊದಲ ದಿನವೇ ತೋರಿಸಿದ. ಮುಚ್ಚುವಾಗ ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಯಾಕೆ ಅಂತ ಕೇಳಿದೆ. ಮೇಲಿನ ಮಣ್ಣಿಗೆ ಜೀವ ಇರುತ್ತದೆ, ಅದನ್ನು ಹೂತರೆ ಅದೂ ಸಾಯುತ್ತದೆ, ನಾವು ಒಂದು ಹೊತ್ತಿಗೆ ಒಬ್ಬರನ್ನೇ ಹೂಳೋಣ ಅಂದ. ನಮ್ಮಪ್ಪನೂ ಗುಂಡಿ ತೆಗೆಯುವಾಗ ಹಾಗೇ ಮಾಡುತ್ತಿದ್ದ, ಆದರೆ ಕಾರಣ ಹೇಳಿರಲಿಲ್ಲ. ಈಗ ಜೆಸಿಬಿ ಬಂದಿದೆ. ಒಂದು ಬಾಯಿಗೆ ಎಲ್ಲವನ್ನೂ ಕಲಸಿ ಎತ್ತುತ್ತದೆ. ಬಂಡೆ ಇರುವ ಕಡೆ ಅದನ್ನು ಕರೆಸಿ, ನಾನು ಬೇಡ ಅನ್ನುವುದಿಲ್ಲ. ಮೊದಲ ಒಂದು ಮೊಳ ಮಾತ್ರ ಕೈಯಿಂದಲೇ ತೆಗೆಸಿ.

ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ ಇಡುವುದು ಪದ್ಧತಿ. ಕರ್ತನು ಬರುವ ದಿನ ಎದ್ದು ಕೂತರೆ ಮುಖ ಸೂರ್ಯನ ಕಡೆ ಇರಬೇಕು ಅಂತ. ಒಂದು ಸಲ ಪೆಟ್ಟಿಗೆ ಮನೆಯಿಂದಲೇ ಮೊಳೆ ಹೊಡೆಸಿಕೊಂಡು ಬಂತು. ಇಳಿಸಿ, ಪ್ರಾರ್ಥನೆ ಮುಗಿಸಿ, ಒಂದೊಂದು ಹಿಡಿ ಮಣ್ಣು ಹಾಕುವ ಹೊತ್ತಿಗೆ ತೀರಿಕೊಂಡವರ ಅಳಿಯನಿಗೆ ಅನುಮಾನ ಬಂತು, ತಲೆ ಯಾವ ಕಡೆ ಅಂತ. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿದರು. ಗೇಟಿನಲ್ಲಿ ವ್ಯಾನು ತಿರುಗಿಸುವಾಗ ಎಲ್ಲ ಅದಲುಬದಲಾಗಿತ್ತು, ನಾನೂ ಕೇಳಿರಲಿಲ್ಲ. ಮೇಲಕ್ಕೆತ್ತಿ ಮೊಳೆ ಕೀಳಬೇಕೋ ಬೇಡವೋ ಅಂತ ಜಗಳವೇ ಶುರುವಾಯಿತು. ಕೊನೆಗೆ ತೀರಿಕೊಂಡವರ ಹೆಂಡತಿ ಕಣ್ಣೊರೆಸಿಕೊಂಡು, ಹಾಸಿಗೆಯಲ್ಲೂ ದಿನಾ ಉಲ್ಟಾ ಮಲಗುತ್ತಿದ್ದರು, ಕರ್ತನು ಕರೆದರೆ ತಿರುಗಿಕೊಂಡು ಏಳುತ್ತಾರೆ, ಬಿಡಿ ಅಂದರು. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ಮಾರನೆಯ ದಿನದಿಂದ ಪೆಟ್ಟಿಗೆಯ ತಲೆಯ ಕಡೆ ಸುಣ್ಣದ ಗೆರೆ ಎಳೆದೇ ಗೇಟಿನೊಳಗೆ ಬಿಟ್ಟೆ. ಆ ಗೆರೆಯನ್ನು ನೀವೂ ತಪ್ಪಿಸಬೇಡಿ.

ಮೇಜರ್ ಸಾಹೇಬರಿಗೆ ಸಾಲು ಅಂದರೆ ಪ್ರಾಣ. ದಾರ ಕಟ್ಟಿಸಿ ಸಮಾಧಿಗಳ ತಲೆಗಳು ಒಂದೇ ಗೆರೆಗೆ ಬರುವಂತೆ ನೋಡುತ್ತಿದ್ದರು. ಸತ್ತ ಮೇಲೂ ಅಟೆನ್ಷನ್ನಿನಲ್ಲೇ ಮಲಗಬೇಕು ಸಾಹೇಬರ ಕೈಯಲ್ಲಿ ಅಂತ ಮಲ್ಲಯ್ಯ ನಗುತ್ತಿದ್ದ. ಅವರ ಕೈಕೆಳಗೆ ನಾನು ಬೈಸಿಕೊಂಡಷ್ಟು ಬೇರೆ ಯಾರೂ ಬೈಸಿಕೊಂಡಿಲ್ಲ. ಆದರೆ ಪ್ಲಾಸ್ಟಿಕ್ಕಿನ ವಿಷಯದಲ್ಲಿ ನನ್ನ ಬೆನ್ನಿಗೆ ನಿಂತವರು ಅವರೇ. ಆಗ ಹೂವಿನ ಚಕ್ರಗಳೆಲ್ಲ ಥರ್ಮಾಕೋಲಿನವು, ಪ್ಲಾಸ್ಟಿಕ್ ಹೂವು, ಮೇಲೆ ಪಾಲಿಥಿನ್ ಹೊದಿಕೆ. ಮಳೆ ಬಂದರೆ ಎಲ್ಲ ತೇಲಿ ಗೋಡೆಯಾಚೆಯ ಬಡವರ ಕೇರಿಯ ಮೋರಿ ಕಟ್ಟಿಕೊಳ್ಳುತ್ತಿತ್ತು. ಗೇಟಿನಲ್ಲೇ ಅವನ್ನು ತಡೆಯುತ್ತೇನೆ ಅಂದಾಗ ಕಮಿಟಿಯವರು, ದುಃಖದಲ್ಲಿರುವವರ ಕೈಯಿಂದ ಹೂವು ಕಿತ್ತುಕೊಳ್ಳುತ್ತೀಯಾ ಅಂದರು. ಸಾಹೇಬರು, ಹೂವನ್ನಲ್ಲ, ಕಸವನ್ನು ಅಂದರು. ನಿಜ ಹೂವಿಗೆ ಒಂದು ಗೊಬ್ಬರದ ಗುಂಡಿ ಮಾಡಿದೆವು. ಆ ಗೊಬ್ಬರದಿಂದಲೇ ಬೇವಿನ ಸಸಿಗಳನ್ನು ಬೆಳೆಸಿದೆವು. ಇವತ್ತು ನೀವು ನಿಲ್ಲುವ ನೆರಳಿಗಾಗಿ ದೇವರಿಗೂ ಸಾಹೇಬರಿಗೂ ಒಂದು ಸ್ತೋತ್ರ ಹೇಳಿ.

ಇನ್ನು ನಾನು ನಿಜವಾಗಿ ಹೇಳಬೇಕು ಅಂದುಕೊಂಡಿರುವ ವಿಷಯ. ಮಾರ್ಥಾಬಾಯಿಯವರದ್ದು.

ಅವರ ಗಂಡ ಶಾಂತಪ್ಪನವರು ಸರಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೆಟಗೇರಿಯವರು, ನಮ್ಮ ಸಭೆಯವರೇ. ಕ್ವಾರ್ಟರ್ಸಿನ ಹಿಂದೆ ಒಂದು ಚಾಪೆಯಷ್ಟು ಜಾಗ ಇತ್ತು. ಅಡುಗೆಮನೆಯ ನೀರು ಅಲ್ಲಿಗೇ ಹೋಗುವಂತೆ ಕಾಲುವೆ ಮಾಡಿ ಪುಂಡಿಪಲ್ಲೆ, ಮೆಂತ್ಯ, ಹಸಿಮೆಣಸು ಬೆಳೆಯುತ್ತಿದ್ದರು. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲಿದರೆ ಸಂಜೆಯ ಪ್ರಾರ್ಥನೆಯಲ್ಲಿ ಹೆಸರು ಹಿಡಿದು ದೇವರಿಗೆ ಚಾಡಿ ಹೇಳುತ್ತಿದ್ದರಂತೆ. ಕರ್ತನೇ, ಪ್ರಕಾಶ ಇವತ್ತು ನಿನ್ನ ನೀರು ಚೆಲ್ಲಿದ, ಅವನನ್ನು ಕ್ಷಮಿಸು ಅಂತ. ಮಕ್ಕಳು ಕಣ್ಣು ಮುಚ್ಚಿಕೊಂಡೇ ಕಿಸಕ್ಕನೆ ನಗುತ್ತಿದ್ದರು. ಶನಿವಾರ ಜೋಳದ ರೊಟ್ಟಿ, ಪುಂಡಿಪಲ್ಲೆ. ಪ್ರಾರ್ಥನೆ ಉದ್ದವಾದರೆ ರೊಟ್ಟಿ ಆರುತ್ತದೆ ಅಂತ ಆ ದಿನ ಮಾತ್ರ ಚಿಕ್ಕದಾಗಿ ಮುಗಿಸುತ್ತಿದ್ದರಂತೆ.

ಒಂದು ಬೇಸಿಗೆಯಲ್ಲಿ ಶಾಂತಪ್ಪನವರು ತೀರಿಕೊಂಡರು. ಮಗ ಪ್ರಕಾಶನದ್ದು ಸಿಕಂದರಾಬಾದಿನಲ್ಲೇ ಟೈಲ್ಸು, ಗ್ರಾನೈಟಿನ ಅಂಗಡಿ. ಅಪ್ಪನನ್ನು ಬಹಳ ಹಚ್ಚಿಕೊಂಡಿದ್ದವನು. ಸಮಾಧಿಗೆ ಜಾಗ ನೋಡಲು ಬರುವಾಗಲೇ ಅಳತೆಯ ಟೇಪು ತಂದಿದ್ದ. ಒಳಗೆ ನಾಲ್ಕೂ ಕಡೆ ಸಿಮೆಂಟು ಗೋಡೆ, ಮೇಲೆ ಕರಿಯ ಗ್ರಾನೈಟು, ಇಡೀ ತೋಟದಲ್ಲಿ ಅಂಥದ್ದು ಇನ್ನೊಂದು ಇರಬಾರದು, ಹಾಗೆ ಮಾಡಬೇಕು ಅಂದ. ಅಳುತ್ತಲೇ ಕಲ್ಲಿನ ದಪ್ಪ ಹೇಳುತ್ತಿದ್ದ. ಅವನಿಗೆ ಗೊತ್ತಿದ್ದ ಪ್ರೀತಿ ಕಲ್ಲಿನದ್ದು, ಅದರಲ್ಲಿ ತಪ್ಪಿಲ್ಲ.

ನಾನು ಅವನೊಡನೆ ನಿಂತಿದ್ದಾಗ ಮಾರ್ಥಾಬಾಯಿ ಬೇವಿನ ಕೆಳಗಿಂದ ನನ್ನನ್ನು ಕರೆದರು. ಅತ್ತು ಅತ್ತು ಧ್ವನಿ ಬಿದ್ದುಹೋಗಿತ್ತು.

"ತಮ್ಮಾ, ಇವ ಹಿಂಗ ಕಲ್ಲು ಜಡದಬಿಟ್ರ ಮುಂದ ನನ್ನ ಎಲ್ಲಿ ಇಡ್ತೀರಿ?"

ನಮ್ಮ ನಿಯಮ ಹೇಳಿದೆ. ಸಿಮೆಂಟು ಕಟ್ಟಿ ಮುಚ್ಚಿದ ಸಮಾಧಿ ಮುಚ್ಚಿದ್ದೇ, ಮತ್ತೆ ತೆಗೆಯುವುದಿಲ್ಲ. ಬರೀ ಮಣ್ಣಿನದಾದರೆ, ಹನ್ನೆರಡು ವರ್ಷ ಕಳೆದ ಮೇಲೆ ಅದೇ ಕುಟುಂಬದವರಿಗೆ ತೆರೆಯಬಹುದು, ಗಂಡನ ಜಾಗದಲ್ಲೇ ಹೆಂಡತಿಯನ್ನು ಇಡಬಹುದು. ಅದಕ್ಕೂ ಮೊದಲೇ ಹೋದವರಿಗೆ ಇಲ್ಲಿ ಜಾಗ ಇಲ್ಲ. ತೋಟ ತುಂಬುತ್ತಾ ಬಂದಿತ್ತು, ಒಂದು ಕುಟುಂಬಕ್ಕೆ ಒಂದೇ ಜಾಗ ಕೊಟ್ಟು ಉಳಿದವರನ್ನು ಊರಾಚೆಯ ಬೇರೆ ಸ್ಮಶಾನಕ್ಕೆ ಕಳಿಸುತ್ತಿದ್ದೆವು.

"ಹನ್ನೆರಡ ವರ್ಷಾ? ನನಗ ಶುಗರ್ ಐತಿ, ಬಿ.ಪಿ. ಐತಿ. ಅಲ್ಲೀತನಕ ನಾ ಬದುಕಬೇಕಲ್ಲೋ."

ಆ ಮುದುಕಿಗೆ ಬೇಕಾಗಿದ್ದು ಅದೊಂದೇ, ಗಂಡನ ಮಣ್ಣಿನಲ್ಲಿ ತಾನೂ ಮಣ್ಣಾಗುವುದು. ಮಗನಿಗೆ ಅದನ್ನು ಹೇಳಿ ಅಂದರೆ, ಇವತ್ತು ಬೇಡ, ಅವನ ಎದೆ ಒಡೆದಿದೆ, ನನ್ನ ಸಾವಿನ ಮಾತೂ ಇವತ್ತೇ ಯಾಕೆ ಅಂತ ತಲೆಯಾಡಿಸಿದರು. ನಾನು ಪ್ರಕಾಶನ ಹತ್ತಿರ ಹೋಗಿ, ಮಣ್ಣು ಕೂರಲು ಒಂದು ಮಳೆಗಾಲವಾದರೂ ಬೇಕು, ಈಗಲೇ ಕಲ್ಲು ಹಾಕಿದರೆ ಬಿರುಕು ಬಿಡುತ್ತದೆ ಅಂದೆ. ಅದು ನಿಜವೇ. ಕಲ್ಲಿನ ವ್ಯಾಪಾರಿಗೆ ಆ ಮಾತು ಅರ್ಥವಾಯಿತು. ಮುಂದಿನ ವರ್ಷ ತರುತ್ತೇನೆ ಅಂದ. ಶಾಂತಪ್ಪನವರನ್ನು ಬರೀ ಮಣ್ಣಿನಲ್ಲಿ ಇಟ್ಟೆವು.

ಪ್ರತಿ ಭಾನುವಾರ ಆರಾಧನೆ ಮುಗಿಸಿ ಮಾರ್ಥಾಬಾಯಿ ಬರುತ್ತಿದ್ದರು. ಮೊದಲ ಮಳೆಗೆ ಸೆರಗಿನ ತುದಿಯ ಗಂಟು ಬಿಚ್ಚಿ ಸಮಾಧಿಯ ಮೇಲೆ ಏನೋ ಉದುರಿಸಿದರು. ನಾನು ಹೂವಿನ ಬೀಜ ಅಂದುಕೊಂಡೆ. ತಿಂಗಳು ಕಳೆದ ಮೇಲೆ ನೋಡಿದರೆ ಕೆಂಪು ದಂಟಿನ ಪುಂಡಿಪಲ್ಲೆ. ತೆಲುಗಿನವರ ಗೋಂಗೂರ. ಪಕ್ಕದ ಸಮಾಧಿಯವರು ಬಂದು ನೋಡಿ ಹೌಹಾರಿ ಕಮಿಟಿಗೆ ಹೇಳಿದರು. ಮೇಜರ್ ಸಾಹೇಬರು ನನ್ನನ್ನು ಕರೆಸಿ, ಇದೇನು ಸಮಾಧಿ ತೋಟವೋ ತರಕಾರಿ ಮಂಡಿಯೋ ಅಂತ ಕೂಗಾಡಿದರು. ಭಾನುವಾರ ತಾವೇ ಬರುತ್ತೇನೆ, ಅಷ್ಟರಲ್ಲಿ ಕಿತ್ತಿರಬೇಕು ಅಂದರು.

ನನಗೆ ಕೀಳಲು ಕೈ ಬರಲಿಲ್ಲ. ಭಾನುವಾರ ಸಾಹೇಬರು ಬಂದರು. ಮಾರ್ಥಾಬಾಯಿಯೂ ಬಂದರು, ಕೈಯಲ್ಲಿ ಸ್ಟೀಲಿನ ಡಬ್ಬಿ. ಆಫೀಸಿನ ಮೇಜಿನ ಮೇಲೆ ಅದನ್ನು ಬಿಚ್ಚಿದರು. ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಲೆ. ಎಲ್ಲಿಯ ಪಲ್ಲೆ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಅಮ್ಮಾ, ಇದು ಸರಿಯಲ್ಲ, ಇದನ್ನು ಹೇಗೆ ತಿನ್ನುವುದು ಅಂದರು.

ಮಾರ್ಥಾಬಾಯಿ ಧ್ವನಿ ಏರಿಸಲಿಲ್ಲ. "ಸಾಹೇಬ್ರ, ಆ ಮಣ್ಣು ಹೊಲಸಿದ್ರ ಅದರಾಗ ನನ್ನ ಗಂಡನ್ನ ಯಾಕ ಇಟ್ರಿ? ಚಲೋ ಇದ್ರ ಊಟಾ ಮಾಡ್ರಿ."

ಮನುಷ್ಯನನ್ನು ಮಣ್ಣಿನಿಂದ ಮಾಡಿದ ದೇವರು ಅವನಿಗೆ ಕೊಟ್ಟ ಮೊದಲ ಕೆಲಸ ತೋಟ ನೋಡಿಕೊಳ್ಳುವುದು ಅಂತ ಕಮಿಟಿಯ ಸಭೆಗಳಲ್ಲಿ ಸಾಹೇಬರೇ ಎಷ್ಟು ಸಲ ಭಾಷಣ ಮಾಡಿದ್ದರೋ. ಕೊನೆಗೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಹೇಳಿ, ರೊಟ್ಟಿ ಮುರಿದು ಬಾಯಿಗಿಟ್ಟರು. ಅವರು ತಿಂದ ಮೇಲೆ ನನಗೆ ಯಾವ ನೆವ ಉಳಿಯಿತು? ನಿಜ ಹೇಳುತ್ತೇನೆ, ಮೊದಲ ತುತ್ತು ಗಂಟಲಿನಲ್ಲಿ ಇಳಿಯಲು ತಕರಾರು ಮಾಡಿತು. ಇಷ್ಟು ವರ್ಷ ಮಣ್ಣು ಪವಿತ್ರ ಅಂತ ಜನರಿಗೆ ಹೇಳಿದ ನನ್ನ ನಂಬಿಕೆ ನಾಲಿಗೆಯವರೆಗೆ ಮಾತ್ರ ಬಂದಿತ್ತು. ಎರಡನೆಯ ತುತ್ತಿಗೆ ಹುಳಿ, ಖಾರ, ಬೆಳ್ಳುಳ್ಳಿ ಎಲ್ಲ ಸರಿಯಾಗಿ ಗೊತ್ತಾಯಿತು. ಮೂರನೆಯದಕ್ಕೆ ಇನ್ನೊಂದು ರೊಟ್ಟಿ ಇದೆಯೇ ಅಂತ ಡಬ್ಬಿ ನೋಡಿದೆ.

ಸಾಹೇಬರು ಕೈ ತೊಳೆದು ಹೊರಡುವಾಗ ಆಜ್ಞೆ ಕೊಟ್ಟರು. ಪಲ್ಲೆ ಇರಲಿ. ಆದರೆ ಹೀಗೆ ಎರಚಬಾರದು, ದಾರ ಕಟ್ಟಿ ಸಾಲಿನಲ್ಲಿ ಬಿತ್ತಬೇಕು.

ಮುಂದಿನ ವರ್ಷ ಪ್ರಕಾಶ ಹೇಳಿದಂತೆ ಕಲ್ಲು ತಂದ. ಕನ್ನಡಿಯಂತೆ ಹೊಳೆಯುವ ಕರಿಯ ಚಪ್ಪಡಿ, ವ್ಯಾನಿನಲ್ಲಿ, ಕೆಲಸಗಾರರ ಜೊತೆ. ಆ ಮಳೆಗಾಲದ ಪಲ್ಲೆ ಮೊಣಕಾಲಿನವರೆಗೆ ಬಂದಿತ್ತು. ಮೊದಲು ಅದನ್ನು ಕೀಳಿ ಅಂತ ಕೆಲಸಗಾರರಿಗೆ ಹೇಳಿದ. ಮಾರ್ಥಾಬಾಯಿ ತಡೆಯಲಿಲ್ಲ. ಸಮಾಧಿಯ ಪಕ್ಕದಲ್ಲಿ ಕೂತು, ಅವರು ಕೀಳುವ ಮೊದಲೇ ಎಲೆ ಬಿಡಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದರು, ಹಾಳಾಗಬಾರದು ಅಂತ. ಅದನ್ನು ನೋಡಿ ಪ್ರಕಾಶನಿಗೆ ಸಿಟ್ಟು ಬಂತು. ಊರಿಗೆಲ್ಲ ಕಲ್ಲು ಮಾರುವವನು ಸ್ವಂತ ಅಪ್ಪನನ್ನು ಮಣ್ಣಿನಲ್ಲಿ ಬಿಟ್ಟಿದ್ದಾನೆ ಅಂತ ಸಭೆಯಲ್ಲಿ ಜನ ಮಾತಾಡುತ್ತಾರೆ, ನಿನಗೆ ಗೊತ್ತಿಲ್ಲವೇ ಅವ್ವಾ ಅಂದ. ಮಾತು ಮುಗಿಯುವಾಗ ಸಿಟ್ಟು ಹೋಗಿ ಅಳು ಬಂದಿತ್ತು.

ಮಾರ್ಥಾಬಾಯಿ ಎದ್ದು ವ್ಯಾನಿನ ಹತ್ತಿರ ಹೋಗಿ ಆ ಚಪ್ಪಡಿಯ ಮೇಲೆ ಕೈಯಾಡಿಸಿದರು.

"ಕಲ್ಲು ಭಾಳ ಚಲೋ ಐತಿ, ಪ್ರಕಾಶಾ. ಆದ್ರ ಇದರ ಮ್ಯಾಲ ನಾ ಕುಂದ್ರಬಹುದು, ಇದರ ಕೆಳಗ ಬರಾಕ ಆಗೂದಿಲ್ಲ."

ಅವನಿಗೆ ತಿಳಿಯಲಿಲ್ಲ. ನಾನು ನಿಯಮವನ್ನು ಬಿಡಿಸಿ ಹೇಳಿದೆ. ಮುಚ್ಚಿದರೆ ಮುಗಿಯಿತು, ಅವ್ವನಿಗೆ ಅಲ್ಲಿ ಜಾಗ ಇಲ್ಲ ಅಂದೆ. ಕಲ್ಲಿನ ಮಾತೆತ್ತಿದರೆ ಅವ್ವ ತೇಲಿಸುವುದು ಹಟ, ಜಿಪುಣತನ ಅಂತ ಒಂದು ವರ್ಷ ಒಳಗೊಳಗೇ ಕುದಿಯುತ್ತಿದ್ದವನು ಗರಬಡಿದವನಂತೆ ನಿಂತ. ಮೊದಲೇ ಯಾಕೆ ಹೇಳಲಿಲ್ಲ ಕಾಕಾ ಅಂತ ನನ್ನನ್ನು ಕೇಳಿದ. ನೀನು ಅವ್ವನನ್ನು ಕೇಳಬೇಕಿತ್ತಪ್ಪ ಅಂದೆ. ಕೆಲಸಗಾರರು ಚಪ್ಪಡಿಯನ್ನು ಎಲ್ಲಿಡಬೇಕು ಅಂತ ಕಾಯುತ್ತಿದ್ದರು. ಅವನು ಸುತ್ತ ನೋಡಿ, ಬೇವಿನ ಕೆಳಗೆ ಎರಡು ಕಲ್ಲು ನಿಲ್ಲಿಸಿ ಮೇಲೆ ಇಡಿ ಅಂದ. ಅವ್ವನನ್ನು ಅದರ ಮೇಲೆ ಕೂರಿಸಿದ. ಈಗಲೂ ಅದೇ ಕಟ್ಟೆಯ ಮೇಲೆ ನೀವು ಊಟದ ಡಬ್ಬಿ ಬಿಚ್ಚುತ್ತೀರಿ.

ಅಲ್ಲಿಂದ ಶುರುವಾಯಿತು ಮಾರ್ಥಾಬಾಯಿಯ ಬದುಕುವ ಕಾರ್ಯಕ್ರಮ. ಚಹಾಕ್ಕೆ ಸಕ್ಕರೆ ಬಿಟ್ಟರು. ಬೆಳಗ್ಗೆ ವಾಕಿಂಗ್ ಹಿಡಿದರು. ಮಾತ್ರೆ ತಪ್ಪಿಸುವ ಸಭೆಯ ಮುದುಕರನ್ನೆಲ್ಲ ಗದರಿಸತೊಡಗಿದರು. ಸಾಯಲು ಇಷ್ಟು ಶಿಸ್ತಿನಿಂದ ಬದುಕಿದವರನ್ನು ನಾನು ಬೇರೆ ಕಂಡಿಲ್ಲ. ಬಂದಾಗಲೆಲ್ಲ ಇನ್ನೆಷ್ಟು ವರ್ಷ ಉಳಿದಿವೆ ಅಂತ ನನ್ನನ್ನು ಕೇಳುತ್ತಿದ್ದರು. ನಾನು ಹೇಳಿದರೆ, ಆಯಿತು, ಅಷ್ಟು ಎಳೆಯುತ್ತೇನೆ ಅನ್ನುತ್ತಿದ್ದರು. ಈ ನಡುವೆ ಮೇಜರ್ ಸಾಹೇಬರು ಹೋದರು, ತಮ್ಮನ್ನೂ ಬರೀ ಮಣ್ಣಿನಲ್ಲೇ ಇಡಬೇಕು ಅಂತ ಹೇಳಿದ್ದರು. ಇನ್ನೂ ಕೆಲವು ಕುಟುಂಬದವರು ಹಾಗೇ ಕೇಳತೊಡಗಿದರು. ತಲೆಯ ಕಡೆ ಒಂದು ಚಿಕ್ಕ ಹೆಸರುಕಲ್ಲು, ಉಳಿದದ್ದು ಮಣ್ಣು, ಹುಲ್ಲು, ಗಿಡ. ಕಲ್ಲು ಹಾಸಿದ ಸಾಲುಗಳಲ್ಲಿ ಮಳೆ ನೀರು ಗೇಟು ದಾಟಿ ರಸ್ತೆಗೆ ಓಡುತ್ತಿತ್ತು. ಈ ಸಾಲುಗಳಲ್ಲಿ ಅದು ನಿಂತ ಕಡೆಯೇ ಇಂಗುತ್ತಿತ್ತು. ಮಲ್ಲಯ್ಯ ಅದನ್ನು ನೋಡಿ ಖುಷಿಪಟ್ಟು ಅದೇ ವರ್ಷ ತೀರಿಕೊಂಡ.

ಆಮೇಲೆ ಕರೋನಾ ಬಂತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಮನೆಯವರು ಗೇಟಿನಾಚೆ ನಿಂತು ಫೋನಿನಲ್ಲಿ ನೋಡುತ್ತಿದ್ದರು. ಸಭಾಪಾಲಕರೂ ಒಳಗೆ ಬರಲಾಗದ ದಿನ, ತೆಲುಗಿನವರಾಗಲಿ ತಮಿಳಿನವರಾಗಲಿ, ನಾನೇ ಕನ್ನಡದಲ್ಲಿ ಎರಡು ಮಾತು ಪ್ರಾರ್ಥನೆ ಹೇಳಿ ಕಳಿಸಿದ್ದೇನೆ. ಆ ರೋಗದಿಂದ ಹೋದವರಿಗೆ ದೂರದ ಮೂಲೆಯಲ್ಲಿ ಬೇರೆಯೇ ಜಾಗ. ಕುಟುಂಬದ ಹಳೆಯ ಸಮಾಧಿ ತೆರೆಯುವಂತಿರಲಿಲ್ಲ.

ಅಂಥ ಒಂದು ಬೆಳಗ್ಗೆ ಪ್ರಕಾಶ ಫೋನ್ ಮಾಡಿದ. ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಆಕ್ಸಿಜನ್ ಹಚ್ಚಿದ್ದಾರೆ ಅಂದ. ಅಷ್ಟು ಹೇಳಿ ಫೋನು ಇಟ್ಟ. ಏನು ಕೇಳಬೇಕೆಂದಿದ್ದಾನೆ ಅಂತ ನನಗೆ ಗೊತ್ತಿತ್ತು, ಏನು ಉತ್ತರ ಕೊಡಬೇಕಾಗುತ್ತದೆ ಅಂತಲೂ ಗೊತ್ತಿತ್ತು. ಹನ್ನೆರಡು ವರ್ಷ ತುಂಬಿರಲಿಲ್ಲ. ತುಂಬಿದ್ದರೂ ಆಗ ತೆರೆಯುವಂತಿರಲಿಲ್ಲ. ಆ ದಿನ ಮನೆಯಲ್ಲಿ ಕಮಲಾ, ನಾನು, ಮಕ್ಕಳು ಮೊಣಕಾಲೂರಿ ಕೂತೆವು. ಜೀವನದಲ್ಲಿ ಒಂದು ಸಮಾಧಿಯ ಜಾಗಕ್ಕಾಗಿ ನಾನು ದೇವರ ಹತ್ತಿರ ಅತ್ತದ್ದು ಅದೊಂದೇ ಸಲ. ಅವ್ವ ಬದುಕಿದ್ದಾಳೆ ಅಂತ ಪ್ರಕಾಶನಿಂದ ಮತ್ತೆ ಫೋನು ಬರುವವರೆಗೆ ನನಗೆ ಊಟ ಸೇರಲಿಲ್ಲ.

ಗೇಟು ತೆರೆದ ಮೇಲೆ ಮೊದಲು ಬಂದವರಲ್ಲಿ ಮಾರ್ಥಾಬಾಯಿಯೂ ಒಬ್ಬರು. ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ಮೊಮ್ಮಗಳ ಹೆಗಲು ಹಿಡಿದು ನಿಧಾನವಾಗಿ ನಡೆದುಬಂದು ಗಂಡನ ಸಮಾಧಿಯನ್ನು ಒಂದು ಸುತ್ತು ನೋಡಿ ನನ್ನ ಕಡೆ ತಿರುಗಿದರು.

"ತಮ್ಮಾ, ನಿಮ್ಮ ರೂಲು ದೇವರಿಗೂ ಗೊತ್ತೈತಿ ನೋಡು."

ನಾನು ನಿವೃತ್ತಿಯಾಗುವ ವರ್ಷ ಮಾರ್ಥಾಬಾಯಿ ಹೋದರು. ಹನ್ನೆರಡು ತುಂಬಿ, ಮೇಲೂ ಒಂದಿಷ್ಟು ಆಗಿತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಅದು ನಾನು ತೆರೆಸಿದ ಕೊನೆಯ ಸಮಾಧಿ. ಜೆಸಿಬಿ ಬೇಡ ಅಂದೆ. ಮೇಲಿನ ಮಣ್ಣು ಎಡಕ್ಕೆ ಬಂತು, ತುಂಬಾ ಪುಂಡಿಯ ಬೇರು.

ಹಳೆಯ ಸಮಾಧಿ ತೆರೆಯುವಾಗ ಮನೆಯವರನ್ನು ನಾನು ಹತ್ತಿರ ಬಿಡುತ್ತಿರಲಿಲ್ಲ, ನೀವೂ ಬಿಡಬೇಡಿ. ಒಳಗೆ ಏನಿರುತ್ತದೆ ಅಂತ ಹೇಳಲಾಗದು. ಪಕ್ಕದ ಸಿಮೆಂಟಿನಿಂದ ನೀರು ನಿಂತಿದ್ದರೆ ನೋಡಬಾರದ್ದೂ ಇರುತ್ತದೆ. ಆದರೆ ಪ್ರಕಾಶ ಕೇಳಲಿಲ್ಲ. ನಾನು ಇಲ್ಲೇ ನಿಲ್ಲುತ್ತೇನೆ ಕಾಕಾ ಅಂದ. ತಲೆಗೂದಲು ಬೆಳ್ಳಗಾದ ಮನುಷ್ಯ, ಚಿಕ್ಕ ಮಗುವಿನಂತೆ ಪಕ್ಕದ ಸಮಾಧಿಯ ಬೇಲಿ ಹಿಡಿದುಕೊಂಡು ನಿಂತಿದ್ದ. ಆಳಕ್ಕೆ ಹೋದಂತೆ ನಾನೂ ಹೆದರಿದೆ. ಹೆದರಿದ್ದು ಸತ್ತವರಿಗಲ್ಲ, ಅವನು ಏನು ನೋಡಬೇಕಾಗುತ್ತದೋ ಅಂತ.

ಕೆಲಸಗಾರರನ್ನು ಮೇಲೆ ಕಳಿಸಿ ಕೊನೆಯ ಮೊಳವನ್ನು ನಾನೇ ಇಳಿದು ಕೈಯಿಂದ ತೆಗೆದೆ. ಪೆಟ್ಟಿಗೆಯ ಮರ ಇರಲಿಲ್ಲ. ಮಣ್ಣು ಹದವಾಗಿತ್ತು, ಬೆರಳ ನಡುವೆ ಉದುರುತ್ತಿತ್ತು, ಮಳೆ ಬಿದ್ದ ಹೊಲದ ವಾಸನೆ. ಕೆಲವು ಮೂಳೆಗಳು ಮಾತ್ರ ಉಳಿದಿದ್ದವು. ಅವನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಕಾಲಿನ ಕಡೆ ಮೂಲೆಯಲ್ಲಿ ಇಟ್ಟೆ. ಉಳಿದಷ್ಟೂ ಜಾಗ ಖಾಲಿ, ಉದ್ದಕ್ಕೆ, ಒಬ್ಬ ಮನುಷ್ಯ ಮಲಗುವಷ್ಟು.

ಪ್ರಕಾಶ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ಎಲ್ಲವನ್ನೂ ನೋಡಿದ. ಕೈ ಚಾಚಿ ಪಕ್ಕದ ಮಣ್ಣನ್ನು ಮುಟ್ಟಿದ.

"ಅಪ್ಪ ಅವ್ವಗ ಜಾಗಾ ಬಿಟ್ಟಾನ ಕಾಕಾ."

ಅವನು ಕೈ ಕೊಟ್ಟ, ಹಿಡಿದು ಮೇಲೆ ಬಂದೆ. ಬೇವಿನ ಕೆಳಗೆ ಕಾಯುತ್ತಿದ್ದ ಸಭಾಪಾಲಕರ ಕಡೆ ತಿರುಗಿ, ಮಾರ್ಥಾಬಾಯಿಯವರನ್ನು ಕರೆದುಕೊಂಡು ಬನ್ನಿ ಅಂತ ಕೈ ಮಾಡಿದೆ.